‘ಹ್ಯಾಂಡ್‌ಮೇಡ್’ ಅಂತ ಹುಡುಕುವುದನ್ನು ಮೊದಲು ಬಿಡಿ

ನಿಮ್ಮ ಒಂದು ಪ್ರಶ್ನೆಯೊಳಗೆ ಮೂರು ಇವೆ. ಕೈಯಲ್ಲೇ ಮಾಡಿದ ಚೆಂದದ ವಸ್ತುಗಳು ಮತ್ತು ಅವನ್ನು ಮಾಡುವ ಸ್ವತಂತ್ರ ಕಲಾವಿದರು ಆನ್‌ಲೈನ್‌ನಲ್ಲಿ ಎಲ್ಲಿ ಸಿಗುತ್ತಾರೆ? ಎಲ್ಲಿ ನೋಡಿದರೂ ಒಂದೇ ತರಹದ ಫ್ಯಾಕ್ಟರಿ ಮಾಲು ಕಾಣುವಾಗ ಅಸಲಿಯನ್ನು ಗುರುತಿಸುವುದು ಹೇಗೆ? ಅವರ ಕೆಲಸದಿಂದ ಸ್ಫೂರ್ತಿ ಪಡೆದು ನಾನೂ ಮಾಡಲು ಕೂತರೆ ಅದು ಕದ್ದ ಹಾಗಾಗುತ್ತದೆಯೇ? ಇಂಥವರನ್ನು ಹುಡುಕಿ ಹುಡುಕಿ ನೋಡುವುದು ನನಗೆ ಬಹಳ ವರ್ಷಗಳ ಚಟ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

‘ಹ್ಯಾಂಡ್‌ಮೇಡ್’ ಎಂದು ಟೈಪ್ ಮಾಡಿ ಹುಡುಕಿದರೆ ಸಿಗುವುದು ಆ ಪದವನ್ನು ಚೆನ್ನಾಗಿ ಬಳಸಲು ಬಲ್ಲವರು, ಅಷ್ಟೇ. ಅದನ್ನು ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಸಾವಿರಗಟ್ಟಲೆ ಅಚ್ಚಿನಲ್ಲಿ ಹೊಯ್ದು ಮಾರುವವನೂ ಹಾಕುತ್ತಾನೆ, ಅದರ ಮೇಲೆ ಜಾಹೀರಾತಿಗೂ ದುಡ್ಡು ಸುರಿಯುತ್ತಾನೆ. ಅಪರೂಪಕ್ಕೊಮ್ಮೆ ಆವಿಗೆ (ಮಡಕೆ ಸುಡುವ ಗೂಡು) ಹಚ್ಚಿ ಹತ್ತಿಪ್ಪತ್ತು ಬಟ್ಟಲು ತೆಗೆಯುವ ಹೆಂಗಸಿಗೆ ಅವನ ಜೊತೆ ಮೊದಲ ಪುಟಕ್ಕಾಗಿ ಗುದ್ದಾಡುವ ಪುರುಸೊತ್ತು ಎಲ್ಲಿಂದ ಬರಬೇಕು?

ಕೈಕೆಲಸದವರ ದೊಡ್ಡ ಆನ್‌ಲೈನ್ ಸಂತೆ ಎಂದೇ ಹೆಸರಾದ ಎಟ್ಸಿಯನ್ನೇ ನೋಡಿ. 2005ರಲ್ಲಿ ಶುರುವಾದಾಗ, ಹಳೆಯ ಕಾಲದ ವಸ್ತು ಮತ್ತು ಕಚ್ಚಾ ಸಾಮಗ್ರಿ ಬಿಟ್ಟರೆ ಉಳಿದದ್ದನ್ನೆಲ್ಲ ಮಾರುವವರೇ ಮಾಡಿರಬೇಕಿತ್ತು. 2013ರಲ್ಲಿ ಅದನ್ನು ಸಡಿಲಿಸಿ, ವಿನ್ಯಾಸ ನಿಮ್ಮದಾದರೆ ತಯಾರಿಕೆಯನ್ನು ಹೊರಗೆ ಕೊಡಬಹುದು ಎಂದರು. ಬೇಡಿಕೆ ಕೈಮೀರಿದ್ದ ಕೆಲವರಿಗೆ ಅದು ನಿಜಕ್ಕೂ ಬೇಕಿತ್ತು, ಅಲ್ಲಗಳೆಯುವುದಿಲ್ಲ. ಆದರೆ ಬಾಗಿಲು ತೆರೆದ ಮೇಲೆ ಯಾರ್‍ಯಾರೋ ಒಳಗೆ ಬಂದರು. 2024ರಲ್ಲಿ ಪ್ರತಿ ವಸ್ತುವಿನಲ್ಲೂ ಮಾರುವವರ ಪಾಲೇನು ಎಂದು ತೋರಿಸುವ ಹಣೆಪಟ್ಟಿಗಳು ಬಂದವು: ‘ಮೇಡ್ ಬೈ’ (ಮಾಡಿದವರು), ‘ಡಿಸೈನ್ಡ್ ಬೈ’ (ವಿನ್ಯಾಸ ಮಾಡಿದವರು), ‘ಹ್ಯಾಂಡ್‌ಪಿಕ್ಡ್ ಬೈ’ (ಆರಿಸಿ ತಂದವರು), ‘ಸೋರ್ಸ್ಡ್ ಬೈ’ (ತರಿಸಿಕೊಟ್ಟವರು). ನಿಮಗೆ ಬೇಕಾದದ್ದು ಮೊದಲನೆಯದು. ಎಐಗೆ ಸೂಚನೆ ಕೊಟ್ಟು ತೆಗೆಸಿದ ಚಿತ್ರವೂ ಎರಡನೆಯದರ ಕೆಳಗೆ ಬರಬಹುದು ಎನ್ನುವುದು ನೆನಪಿರಲಿ. ಹಾಗೆಂದು ಎಟ್ಸಿಯನ್ನೇ ಬಿಡಿ ಎನ್ನುತ್ತಿಲ್ಲ. ನಿಜವಾದ ಕುಶಲಕರ್ಮಿಗಳು ಅಲ್ಲಿ ಈಗಲೂ ಬೇಕಾದಷ್ಟಿದ್ದಾರೆ. ಹುಡುಕಾಟವನ್ನು ಅಲ್ಲಿಂದ ಶುರು ಮಾಡಬೇಡಿ ಎನ್ನುತ್ತಿದ್ದೇನೆ.

ನನ್ನ ದಾರಿ ಬೇರೆ. ವಸ್ತುವಿನ ಹೆಸರಿನಿಂದ ಹುಡುಕುವುದಿಲ್ಲ, ಅದನ್ನು ಮಾಡುವ ವಿಧಾನದ ಹೆಸರಿನಿಂದ ಹುಡುಕುತ್ತೇನೆ. ‘ಮಗ್’ ಎಂದರೆ ಲೋಕದ ಮಗ್‌ಗಳೆಲ್ಲ ಎದುರಿಗೆ ಬರುತ್ತವೆ. ‘ವುಡ್ ಫೈರ್ಡ್ ಸ್ಟೋನ್‌ವೇರ್’ (ಸೌದೆಯ ಬೆಂಕಿಯಲ್ಲಿ ಸುಟ್ಟ ಗಟ್ಟಿ ಮಣ್ಣಿನ ಪಾತ್ರೆ) ಅಥವಾ ‘ಸಾಲ್ಟ್ ಗ್ಲೇಜ್’ (ಆವಿಗೆಗೆ ಉಪ್ಪು ಎಸೆದು ತರಿಸುವ ಹೊಳಪು) ಎಂದರೆ ಮುಕ್ಕಾಲು ಪಾಲು ಗದ್ದಲ ಅಲ್ಲೇ ಉದುರಿಹೋಗಿ, ಮಣ್ಣು, ಬೂದಿ, ಬೆಂಕಿಯ ಬಗ್ಗೆ ತಲೆ ಕೆಡಿಸಿಕೊಂಡವರು ಉಳಿಯುತ್ತಾರೆ. ‘ನೋಟ್‌ಬುಕ್’ ಬದಲು ‘ಕಾಪ್ಟಿಕ್ ಬೈಂಡಿಂಗ್’ (ಬೆನ್ನಿನ ಹೊಲಿಗೆ ಕಾಣುವಂತೆ ಪುಸ್ತಕ ಹೊಲಿಯುವ ವಿಧಾನ), ‘ವಾಲ್ ಆರ್ಟ್’ ಬದಲು ‘ರಿಡಕ್ಷನ್ ಲಿನೋಕಟ್’ (ಲಿನೋಲಿಯಂ ಹಾಳೆ ಕೆತ್ತಿ ಒತ್ತುವ ಚಿತ್ರ) ಅಥವಾ ‘ವುಡ್ ಎನ್‌ಗ್ರೇವಿಂಗ್’ (ಮರ ಕೆತ್ತಿ ಒತ್ತುವ ಚಿತ್ರ) ಎಂದು ಹಾಕಿ ನೋಡಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಈ ಹೆಸರುಗಳನ್ನೆಲ್ಲ ಎಲ್ಲಿಂದ ತರುವುದು ಅಂತೀರಾ? ಮ್ಯೂಸಿಯಂಗಳಿಂದ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸಂಗ್ರಹ ಆನ್‌ಲೈನ್‌ನಲ್ಲಿ ಉಚಿತವಾಗಿ ನೋಡಲು ಸಿಗುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನ ಲಕ್ಷಗಟ್ಟಲೆ ಚಿತ್ರಗಳನ್ನು ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ತೆರೆದಿಟ್ಟಿತು. ಕಣ್ಣಿಗೆ ಹಿಡಿಸಿದ ಒಂದು ಬಟ್ಟೆಯನ್ನೋ ಬಟ್ಟಲನ್ನೋ ಆರಿಸಿಕೊಳ್ಳಿ. ಅದರ ಚಿತ್ರದ ಜೊತೆ ಯಾವ ಸಾಮಗ್ರಿ, ಯಾವ ವಿಧಾನ ಎಂದು ಬರೆದಿರುತ್ತಾರೆ. ಆ ಸಾಲನ್ನು ಹಾಗೇ ಕಾಪಿ ಮಾಡಿ ಇನ್‌ಸ್ಟಾಗ್ರಾಂನಲ್ಲೋ ಯೂಟ್ಯೂಬ್‌ನಲ್ಲೋ ಹಾಕಿ. ಇನ್ನೂರು ವರ್ಷ ಹಿಂದಿನ ಆ ಕೆಲಸವನ್ನು ಇವತ್ತೂ ಮಾಡುತ್ತಿರುವ ಯಾರೋ ಒಬ್ಬರು ಎಲ್ಲಿಂದಲೋ ಎದ್ದು ಬರುತ್ತಾರೆ. ಈ ಆಟದ ರುಚಿ ಹತ್ತಿದರೆ ರಾತ್ರಿ ನಿದ್ದೆಗೆಟ್ಟಿತು ಅಂತಲೇ ಲೆಕ್ಕ.

ಒಬ್ಬರು ಸಿಕ್ಕರೆ ಮುಂದಿನದು ಸಲೀಸು. ಅವರನ್ನು ಯಾರು ಫಾಲೋ ಮಾಡುತ್ತಾರೆ ಎನ್ನುವುದು ನಮಗೆ ಬೇಡ, ಅವರು ಯಾರನ್ನು ಫಾಲೋ ಮಾಡುತ್ತಾರೆ ನೋಡಿ. ಒಳ್ಳೆಯ ನೇಕಾರರ ಪಟ್ಟಿಯಲ್ಲಿ ಬಣ್ಣ ಹಾಕುವವರು, ನೂಲುವವರು, ಮಗ್ಗ ಮಾಡುವ ಬಡಗಿಗಳು ಇರುತ್ತಾರೆ. ಯಾರ ಹತ್ತಿರ ಕಲಿತರು, ಯಾರ ಜೊತೆ ಮೇಳದಲ್ಲಿ ಮಳಿಗೆ ಹಂಚಿಕೊಂಡರು, ಉಳಿ ಯಾರ ಹತ್ತಿರ ಮಾಡಿಸಿದರು, ಇವೆಲ್ಲ ಅವರ ಪೋಸ್ಟ್‌ಗಳಲ್ಲೇ ಬರುತ್ತವೆ. ಕಸುಬಿನವರಿಗೆ ಕಸುಬಿನವರ ಮೇಲೆ ಇರುವ ಮರ್ಯಾದೆ ಯಾವ ಅಲ್ಗಾರಿದಂಗೂ ಇಲ್ಲ.

ಸಂಘಗಳ ಸದಸ್ಯರ ಪಟ್ಟಿಗಳನ್ನು ಯಾಕೋ ಯಾರೂ ತೆಗೆದು ನೋಡುವುದಿಲ್ಲ. ಬ್ರಿಟನ್ನಿನಲ್ಲಿ 1920ರಲ್ಲಿ ಹುಟ್ಟಿದ ಸೊಸೈಟಿ ಆಫ್ ವುಡ್ ಎನ್‌ಗ್ರೇವರ್ಸ್ ಇವತ್ತಿಗೂ ನಡೆಯುತ್ತಿದೆ. ಅಲ್ಲಿನ ಸದಸ್ಯರ ಹೆಸರು ಹಿಡಿದು ಹೋದರೆ ಒಂದು ವಾರಕ್ಕಾಗುವಷ್ಟು ನೋಡಲು ಸಿಗುತ್ತದೆ. ಅದೇ ದೇಶದ ಹೆರಿಟೇಜ್ ಕ್ರಾಫ್ಟ್ಸ್ ಸಂಸ್ಥೆ 2017ರಿಂದ ಅಳಿವಿನಂಚಿನ ಕಸುಬುಗಳ ಕೆಂಪು ಪಟ್ಟಿ ಹೊರತರುತ್ತಿದೆ. ಮೊದಲ ಪಟ್ಟಿಯಲ್ಲಿ ಜರಡಿ ಕಟ್ಟುವ ಕಸುಬು ಅಲ್ಲಿ ಅಳಿದೇಹೋಯಿತು ಎಂದು ಬರೆದಿದ್ದರು. ಆಮೇಲೆ ಅದನ್ನು ಕಲಿತು ಎತ್ತಿಕೊಂಡವರು ಸಿಕ್ಕಿ, ‘ಅಳಿದದ್ದು’ ಎಂಬ ಸಾಲಿನಿಂದ ಅದು ಹೊರಬಂತು. ಇಂಥ ಸುದ್ದಿ ಯಾವ ಶಾಪಿಂಗ್ ಆ್ಯಪ್ ಕೊಡುತ್ತದೆ ಹೇಳಿ.

ಚಿತ್ರಕಾರರಾದರೆ ಸವಾಲಿನ ತಿಂಗಳುಗಳನ್ನು ಕಾಯಿರಿ. 2009ರಲ್ಲಿ ಶುರುವಾದ ಇಂಕ್ಟೋಬರ್‌ನಲ್ಲಿ ಅಕ್ಟೋಬರ್ ಪೂರ್ತಿ ದಿನಕ್ಕೊಂದು ಶಾಯಿಚಿತ್ರ. ಮೊದಲ ವಾರ ಎಲ್ಲರೂ ಹುಮ್ಮಸ್ಸಿನಲ್ಲಿರುತ್ತಾರೆ, ನಾನು ನೋಡುವುದು ಕೊನೆಯ ವಾರವನ್ನು. ಅಷ್ಟು ಹೊತ್ತಿಗೆ ತಮ್ಮದೇ ಗೆರೆ ಇರುವವರು ಮಾತ್ರ ಉಳಿದಿರುತ್ತಾರೆ. ಹೆಣಿಗೆ, ಕ್ರೋಶಾದ ಗೀಳಿದ್ದರೆ 2007ರಿಂದ ಇರುವ ವೆಬ್‌ಸೈಟ್ ರ್‍ಯಾವೆಲ್ರಿಗೆ ಹೋಗಿ. ಒಂದು ಪ್ಯಾಟರ್ನ್ (ಹೆಣೆಯುವ ಕ್ರಮದ ಬರಹ) ತೆರೆದರೆ ಅದನ್ನು ಹೆಣೆದ ಬೇರೆಯವರ ಫೋಟೋ, ಬಳಸಿದ ನೂಲು, ಪಟ್ಟ ಪಾಡು ಎಲ್ಲ ಅಲ್ಲೇ ಇರುತ್ತದೆ.

ಈಗ ಅಸಲಿ-ನಕಲಿಯ ಮಾತು. ಇದಕ್ಕೆ ಒಂದೇ ಏಟಿನ ಗುರುತು ಎಂಬುದಿಲ್ಲ. ಕುಂಬಾರರ ತಿಗರಿಯ ಮೇಲೆ ಬೆರಳು ಮೂಡಿಸುವ ಸುತ್ತುಗೆರೆಗಳನ್ನು ಅಚ್ಚಿನಲ್ಲೂ ತರುತ್ತಾರೆ. ನಾನು ಪಾತ್ರೆಯ ತಳ ನೋಡುತ್ತೇನೆ. ಗ್ಲೇಜ್ ಎಂದರೆ ಬೆಂಕಿಯಲ್ಲಿ ಕರಗಿ ಗಾಜಾಗುವ ಲೇಪ. ಅದು ತಳಕ್ಕೂ ಇದ್ದರೆ ಪಾತ್ರೆ ಆವಿಗೆಯ ಹಲಗೆಗೇ ಅಂಟಿಕೊಂಡುಬಿಡುತ್ತದೆ. ಆದ್ದರಿಂದ ಸಾಮಾನ್ಯವಾಗಿ ತಳದ ಬಳೆಯನ್ನು ಬರಿಮಣ್ಣಾಗಿ ಬಿಡುತ್ತಾರೆ. ಆ ಬರಿಮಣ್ಣಿನಲ್ಲಿ, ಅದರ ಸುತ್ತ ಬಹಳಷ್ಟು ಗೊತ್ತಾಗುತ್ತದೆ: ಮಣ್ಣಿನ ನಿಜವಾದ ಬಣ್ಣ, ಅರೆ ಒಣಗಿದಾಗ ತಿಗರಿಗೆ ಮತ್ತೆ ಏರಿಸಿ ಹೆರೆದ ಗೆರೆ, ಮಾಡಿದವರ ಮುದ್ರೆ, ಗ್ಲೇಜ್‌ನಲ್ಲಿ ಅದ್ದುವಾಗ ಹಿಡಿದ ಬೆರಳಿನ ಜಾಗದಲ್ಲಿ ತೆಳುವಾದ ಲೇಪ. ಎರಡು ಬದಿಗೂ ನೇರ ಎದುರುಬದುರಾಗಿ ಸಣ್ಣ ಹೊಲಿಗೆಯಂಥ ಗೆರೆ ಇಳಿದಿದ್ದರೆ ಅದು ಅಚ್ಚು ಕೂಡಿದ ಜಾಗ. ಅಚ್ಚಿನಲ್ಲಿ ಹೊಯ್ಯುವ ಒಳ್ಳೆಯ ಕಲಾವಿದರೂ ಇದ್ದಾರೆ, ಆದರೆ ಅವರು ಹಾಗಂತ ಹೇಳಿಕೊಳ್ಳುತ್ತಾರೆ. ತಳದ ಫೋಟೋ ಹಾಕಿಲ್ಲವಾದರೆ ಕೇಳಿ. ಮಾಡಿದವರು ಖುಷಿಯಿಂದ ಕಳಿಸುತ್ತಾರೆ. ಬರೀ ಮಾರುವವರ ಬಳಿ ಅದು ಇರುವುದೇ ಇಲ್ಲ.

ಪ್ರಿಂಟ್‌ಗಳಲ್ಲಿ ಇನ್ನೊಂದು ಗೊಂದಲ. ರಿಡಕ್ಷನ್ ಲಿನೋಕಟ್‌ನಲ್ಲಿ ಒಂದೇ ಹಾಳೆ ಲಿನೋ. ಮೊದಲು ಸ್ವಲ್ಪ ಕೆತ್ತಿ ತಿಳಿ ಬಣ್ಣವನ್ನು ಎಲ್ಲ ಕಾಗದಗಳ ಮೇಲೂ ಒತ್ತುತ್ತಾರೆ. ಅದೇ ಲಿನೋವನ್ನು ಇನ್ನಷ್ಟು ಕೆತ್ತಿ ಅದೇ ಕಾಗದಗಳ ಮೇಲೆ ಮುಂದಿನ ಗಾಢ ಬಣ್ಣ. ಹೀಗೆ ಕೊನೆಯ ಬಣ್ಣಕ್ಕೆ ಬರುವಷ್ಟರಲ್ಲಿ ಲಿನೋದಲ್ಲಿ ಉಳಿದಿರುವುದು ನಾಲ್ಕಾರು ಗೆರೆ. ಹಿಂದಕ್ಕೆ ಹೋಗುವಂತಿಲ್ಲ. ಇಪ್ಪತ್ತು ಕಾಗದದಿಂದ ಶುರು ಮಾಡಿ ಮೂರು ಕೆಟ್ಟರೆ ಲೋಕದಲ್ಲಿ ಇರುವುದು ಹದಿನೇಳೇ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 4/17 ಎಂದು ಬರೆದಿರುವುದು ಅದಕ್ಕೇ: ಹದಿನೇಳರಲ್ಲಿ ನಾಲ್ಕನೆಯದು, ಪಕ್ಕದಲ್ಲಿ ಸಹಿ. ಮೂಲಚಿತ್ರವನ್ನು ಸ್ಕ್ಯಾನ್ ಮಾಡಿ ಇಂಕ್‌ಜೆಟ್‌ನಲ್ಲಿ ತೆಗೆದದ್ದನ್ನೂ ‘ಆರ್ಟ್ ಪ್ರಿಂಟ್’ ಎಂದೇ ಮಾರುತ್ತಾರೆ. ಅದೂ ಚೆಂದವೇ, ಅಗ್ಗವೂ ಹೌದು. ಯಾವುದಕ್ಕೆ ದುಡ್ಡು ಕೊಡುತ್ತಿದ್ದೇನೆ ಎಂದು ತಿಳಿದುಕೊಂಡು ಕೊಟ್ಟರಾಯಿತು.

ಕ್ರೋಶಾದ್ದು ಇನ್ನೂ ಸೂಕ್ಷ್ಮ. ಹೆಣಿಗೆಗೆ ಯಂತ್ರವಿದೆ. ಆದರೆ ಅಸಲಿ ಕ್ರೋಶಾ ಹಾಕುವ ಯಂತ್ರವನ್ನು ಯಾವ ಫ್ಯಾಕ್ಟರಿಯೂ ಓಡಿಸುತ್ತಿಲ್ಲ. ಅಂದರೆ ಯಾವುದೋ ದೊಡ್ಡ ಬ್ರ್ಯಾಂಡಿನ ಅತಿ ಅಗ್ಗದ ಅಸಲಿ ಕ್ರೋಶಾ ಟಾಪ್ ಕೂಡ ಕೈಯಲ್ಲೇ ಆದದ್ದು. ಆ ಕೈಗೆ ಎಷ್ಟು ಕೂಲಿ ಸಿಕ್ಕಿರಬಹುದು ಎಂದು ನೀವೇ ಊಹಿಸಿ. ಇಲ್ಲಿ ‘ಕೈಯಲ್ಲಿ ಮಾಡಿದ್ದೇ’ ಎಂಬ ಪ್ರಶ್ನೆಗೆ ಅರ್ಥವಿಲ್ಲ, ‘ಯಾರು ಮಾಡಿದರು’ ಎಂದೇ ಕೇಳಬೇಕು.

ಅನುಮಾನ ಬಂದಾಗ ಚಿತ್ರವನ್ನು, ಅದೇ ಚಿತ್ರ ಬೇರೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಕೊಡಿ. ಅದೇ ಫೋಟೋ ಹತ್ತು ಅಂಗಡಿಗಳಲ್ಲಿ ಹತ್ತು ಹೆಸರಿನಲ್ಲಿ ಕಂಡರೆ ಮುಗಿಯಿತು. ಈಚೆಗೆ ಎಐ ಚಿತ್ರಗಳ ಕಾಟ ಸೇರಿದೆ: ಮುದ್ದಾದ ಕ್ರೋಶಾ ಗೊಂಬೆಯ ಚಿತ್ರ ತೋರಿಸಿ ಪ್ಯಾಟರ್ನ್ ಮಾರುತ್ತಾರೆ, ಹೆಣೆಯಲು ಕೂತರೆ ಅಂಥ ಹೊಲಿಗೆಯೇ ಇರುವುದಿಲ್ಲ. ಒಂದೇ ಕೋನದ ಒಂದೇ ಫೋಟೋ, ಅರ್ಧ ಮುಗಿದ ಕೆಲಸದ ಚಿತ್ರವೇ ಇಲ್ಲ, ಕೊಂಡವರ್‍ಯಾರೂ ಮಾಡಿ ತೋರಿಸಿಲ್ಲ ಎಂದರೆ ದೂರ ಇರಿ.

ಹೀಗೆ ಹುಡುಕಿದವರನ್ನು ಕಳೆದುಕೊಳ್ಳದೆ ಇಟ್ಟುಕೊಳ್ಳುವುದೂ ಒಂದು ಕೆಲಸ. 2016ರಿಂದ ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನು ಸಮಯದ ಕ್ರಮದಲ್ಲಿ ತೋರಿಸುವುದನ್ನು ಬಿಟ್ಟು ತನ್ನ ಲೆಕ್ಕಾಚಾರದಂತೆ ಜೋಡಿಸತೊಡಗಿತು. ಮೆಲ್ಲಗೆ ಕೆಲಸ ಮಾಡುವವರು ಅದರಲ್ಲಿ ಮುಳುಗಿಹೋಗುತ್ತಾರೆ. ಅವರನ್ನು ‘ಫೇವರಿಟ್ಸ್’ಗೆ ಹಾಕಿಕೊಂಡರೆ ಸ್ವಲ್ಪ ಕಾಣುತ್ತಾರೆ. ಅದಕ್ಕಿಂತ ಅವರ ಇಮೇಲ್ ಪತ್ರಕ್ಕೆ ಚಂದಾದಾರರಾಗುವುದು ಮೇಲು. ಆವಿಗೆ ತೆರೆಯುವ ದಿನ, ಹೊಸ ಪ್ರಿಂಟ್ ಬಿಡುವ ದಿನ ಅಲ್ಲೇ ಮೊದಲು ತಿಳಿಯುತ್ತದೆ. ಕೊಳ್ಳುವಾಗಲೂ ಅವರ ಸ್ವಂತ ವೆಬ್‌ಸೈಟ್ ಇದ್ದರೆ ಅಲ್ಲೇ ಕೊಳ್ಳಿ. ಎಟ್ಸಿ 2022ರಲ್ಲಿ ಪ್ರತಿ ಮಾರಾಟದ ಮೇಲಿನ ಶುಲ್ಕವನ್ನು ಶೇ. 5ರಿಂದ 6.5ಕ್ಕೆ ಏರಿಸಿದಾಗ ಮಾರಾಟಗಾರರು ಅಂಗಡಿ ಮುಚ್ಚಿ ಮುಷ್ಕರ ಹೂಡಿದ್ದರು. ನಮಗೆ ಚಿಲ್ಲರೆ ಅನ್ನಿಸಿದ್ದು ಅವರಿಗೆ ಚಿಲ್ಲರೆಯಲ್ಲ.

ಕೊಳ್ಳಲು ಆಗದಿದ್ದರೆ ಸಂಕೋಚ ಬೇಡ. ‘ಸೂಪರ್’ ಎಂದು ಬರೆಯುವ ಬದಲು ‘ಹಿಡಿಕೆ ಕೂಡುವ ಜಾಗದಲ್ಲಿ ಹಸಿರು ಗಟ್ಟಿಯಾಗಿ ನಿಂತಿದ್ದು ಹೇಗೆ?’ ಎಂದು ಕೇಳಿ ನೋಡಿ. ಎಷ್ಟೋ ಸಲ ಅದಕ್ಕೆ ನನಗೆ ಒಂದು ಪುಟದಷ್ಟು ಉತ್ತರ ಬಂದದ್ದಿದೆ. ‘ಕಡಿಮೆಗೆ ಕೊಡಿ’ ಎಂದು ಮಾತ್ರ ಕೇಳಬೇಡಿ. ಮತ್ತು ಅವರ ಫೋಟೋ ತೋರಿಸಿ ಇನ್ನೊಬ್ಬರ ಹತ್ತಿರ ‘ಇದೇ ತರಹ ಮಾಡಿಕೊಡಿ’ ಎನ್ನಬೇಡಿ. ಅದು ಇಬ್ಬರಿಗೂ ಅವಮಾನ.

ಕೊನೆಗೆ ನಿಮ್ಮ ಮೂರನೆಯ ಪ್ರಶ್ನೆ. ವಿಧಾನ ಯಾರಪ್ಪನ ಸೊತ್ತೂ ಅಲ್ಲ. ಲಿನೋ ಕೆತ್ತಿ, ಪುಸ್ತಕ ಹೊಲಿಯಿರಿ, ಯಾರನ್ನೂ ಕೇಳಬೇಕಿಲ್ಲ. ಒಬ್ಬರ ನಿರ್ದಿಷ್ಟ ಚಿತ್ರವನ್ನೋ ವಿನ್ಯಾಸವನ್ನೋ ಮನೆಯಲ್ಲಿ ಕೂತು ನಕಲು ಮಾಡಿ ಕೈ ಪಳಗಿಸಿಕೊಳ್ಳುವುದೂ ಹಿಂದಿನಿಂದ ಇದ್ದದ್ದೇ. ಅದನ್ನು ಹೊರಗೆ ಹಾಕುವಾಗ ‘ಇಂಥವರ ಕೆಲಸ ನೋಡಿ ಮಾಡಿದ್ದು’ ಎಂದು ಅವರ ಹೆಸರು ಬರೆಯಿರಿ. ಮಾರುವ ಯೋಚನೆ ಬಂದರೆ ಮೊದಲು ಅವರಿಗೆ ಒಂದು ಮೆಸೇಜ್ ಹಾಕಿ. ಪ್ಯಾಟರ್ನ್ ಮಾರುವವರಲ್ಲಿ ಹಲವರು, ಅದರಿಂದ ಮಾಡಿದ್ದನ್ನು ಮಾರಬಹುದೋ ಇಲ್ಲವೋ ಎಂದು ಪ್ಯಾಟರ್ನ್‌ನಲ್ಲೇ ಬರೆದಿರುತ್ತಾರೆ, ಕೊಳ್ಳುವ ಮೊದಲೇ ಓದಿಕೊಳ್ಳಿ. ಬೇಡ ಎಂದರೆ ಬಿಟ್ಟುಬಿಡಿ.