ಕೊಪ್ಪಳದ ಸರ್ಕಾರಿ ಪ್ರೌಢಶಾಲೆಯಲ್ಲಿ ಮಕ್ಕಳೇ ತಮ್ಮ ಕಲಿಕೆಯನ್ನು ರೂಪಿಸಿಕೊಳ್ಳಲು ಸಾಧ್ಯವೇ?

ಮಗಳು ಎಂಟನೆಯ ತರಗತಿಗೆ ಬಂದಿದ್ದಾಳೆ, ಅಮೆರಿಕದಲ್ಲಿ ಏನು ಕಲಿಯಬೇಕೆಂದು ಮಕ್ಕಳೇ ತೀರ್ಮಾನಿಸುವ ಸರ್ಕಾರಿ ಶಾಲೆ ಇದೆಯಂತೆ, ನಮ್ಮಲ್ಲಿ ಅದು ನಡೆದೀತೇ, ಎಸ್‌ಎಸ್‌ಎಲ್‌ಸಿ ಗತಿಯೇನು ಎಂದು ಕೇಳಿದ್ದೀರಿ. ನಾನು ಕೊಪ್ಪಳ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕ. ಪೂರ್ತಿಯಾಗಿ ಅಲ್ಲದಿದ್ದರೂ ಖಂಡಿತ ನಡೆಯುತ್ತದೆ.

ಅಂಥ ಶಾಲೆಗಳಲ್ಲಿ ಹೆಸರಾದದ್ದು ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದ ‘ಮೆಟ್’. ಡೆನ್ನಿಸ್ ಲಿಟ್ಕಿ ಮತ್ತು ಎಲಿಯಟ್ ವಾಷರ್ 1996ರಲ್ಲಿ ಆರಂಭಿಸಿದ್ದು. ಅಲ್ಲಿ ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡುತ್ತಾರೆ ಎಂದುಕೊಳ್ಳಬೇಡಿ. ಸುಮಾರು ಹದಿನೈದು ಮಕ್ಕಳಿಗೆ ಒಬ್ಬ ಶಿಕ್ಷಕ, ನಾಲ್ಕು ವರ್ಷವೂ ಅವರೇ. ವಾರಕ್ಕೆ ಎರಡು ದಿನ ಮಕ್ಕಳು ತಮಗೆ ಇಷ್ಟವಾದ ಕೆಲಸ ನಡೆಯುವ ಕಡೆ ಹೋಗಿ ಕಲಿಯುತ್ತಾರೆ. ಕಲಿತದ್ದನ್ನು ಶಿಕ್ಷಕರು, ಪೋಷಕರು, ಸಹಪಾಠಿಗಳ ಎದುರು ನಿಂತು ವಿವರಿಸಿ, ಕೇಳಿದ ಪ್ರಶ್ನೆಗಳಿಗೆ ಉತ್ತರಿಸಬೇಕು. ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಆ ಹದಿನೈದು. ತುಂಬಿದ ತರಗತಿಯಲ್ಲಿ ಯಾವ ಮಗುವಿನ ತಲೆಯಲ್ಲಿ ಯಾವ ಪ್ರಶ್ನೆ ಕೊರೆಯುತ್ತಿದೆ ಎಂಬುದು ಶಿಕ್ಷಕರಿಗೆ ತಿಳಿಯುವುದಾದರೂ ಹೇಗೆ?

ನಮ್ಮಲ್ಲೂ ಒಂದು ಸಂದು ಇದೆ. ಎಸ್‌ಎಸ್‌ಎಲ್‌ಸಿಯ ಹೆಚ್ಚಿನ ವಿಷಯಗಳಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಎಂಟು, ಒಂಬತ್ತರಲ್ಲೂ ಚಟುವಟಿಕೆ, ಯೋಜನೆಗಳಿವೆ. ಎಷ್ಟೋ ಕಡೆ ಅವು ಅಂಗಡಿಯಿಂದ ತಂದ ಚಾರ್ಟ್‌ನಲ್ಲೇ ಮುಗಿದುಹೋಗುತ್ತವೆ. ಹಾಗಾಗಬಾರದೆಂದು ನಾನು ಒಂದು ಸಣ್ಣ ಗುಂಪನ್ನು ವಹಿಸಿಕೊಂಡೆ.

ಆ ಗುಂಪಿನಲ್ಲಿ ಕಿನ್ನಾಳದ ಕಡೆಯ ಹುಡುಗಿಯೊಬ್ಬಳಿದ್ದಳು. ಕಿನ್ನಾಳದ ಮರದ ಗೊಂಬೆಗಳಿಗೆ ಬಣ್ಣ ಬಳಿಯುವ ಮೊದಲು ಮೆತ್ತುವ ಲೇಪಕ್ಕೆ ಹುಣಸೆ ಬೀಜದ ಅಂಟನ್ನು ಬಳಸುತ್ತಾರೆ. ಆ ಅಂಟು ಎಷ್ಟು ಗಟ್ಟಿ ಎಂಬುದು ಅವಳ ಪ್ರಶ್ನೆ. ಬೀಜದ ಪುಡಿಗೆ ಬೇರೆ ಬೇರೆ ಪ್ರಮಾಣದಲ್ಲಿ ನೀರು ಬೆರೆಸಿ ಕಾಯಿಸಿದಳು. ಮರದ ತುಂಡುಗಳನ್ನು ಜೋಡಿಯಾಗಿ ಅಂಟಿಸಿ, ಒಣಗಿದ ಮೇಲೆ ಕೆಳಗಿನ ತುಂಡಿಗೆ ಚೀಲ ಕಟ್ಟಿ, ಅಂಟು ಬಿಡುವವರೆಗೂ ಮರಳು ಸುರಿದಳು. ಬಿದ್ದ ಮರಳನ್ನು ತೂಗಿ ಬರೆದುಕೊಂಡಳು. ಅನುಪಾತ, ಬಲ, ಸರಾಸರಿ, ನಕ್ಷೆ ಎಲ್ಲವೂ ಅವಳಿಗೆ ಬೇಕಾಗಿಯೇ ಬಂದವು. ಪ್ರದರ್ಶನದ ದಿನ ಕರೆಸಿದ್ದ ಹಿರಿಯ ಕಲಾವಿದರೊಬ್ಬರು, “ಮಳೆಗಾಲದಲ್ಲಿ ನೋಡಿದೆಯೇನಮ್ಮ?” ಎಂದರು. ಅವಳು ನೋಡಿರಲಿಲ್ಲ. ಯಾರೂ ಹೇಳದಿದ್ದರೂ ಜುಲೈನಲ್ಲಿ ಎಲ್ಲವನ್ನೂ ಮತ್ತೆ ಮಾಡಿದಳು. ಶಿಕ್ಷಕನಾಗಿ ನನಗೆ ಇದಕ್ಕಿಂತ ದೊಡ್ಡ ಸಂತೋಷ ಬೇರೆ ಇಲ್ಲ.

ಎಸ್‌ಎಸ್‌ಎಲ್‌ಸಿಯನ್ನು ತಪ್ಪಿಸಲು ಬರುವುದಿಲ್ಲ. ಹತ್ತನೆಯ ತರಗತಿಯಲ್ಲಿ ಇಂಥ ಕೆಲಸಕ್ಕೆ ಸಮಯವೂ ಕಡಿಮೆ. ಆದ್ದರಿಂದ ಎಂಟು, ಒಂಬತ್ತನೆಯ ತರಗತಿಗಳನ್ನು ಕಳೆದುಕೊಳ್ಳಬೇಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗಿ, ಶನಿವಾರದ ಒಂದು ಅವಧಿಯನ್ನೂ ಮನಸ್ಸಿರುವ ಒಬ್ಬ ಶಿಕ್ಷಕರನ್ನೂ ಕೇಳಿ. ಕೊನೆಗೆ ಮಕ್ಕಳು ವಿವರಿಸುವ ದಿನ ಊರಿನ ಬಡಗಿಯನ್ನೋ ರೈತರನ್ನೋ ನರ್ಸನ್ನೋ ತಪ್ಪದೆ ಕರೆಯಿರಿ. ಬರೀ ಶಿಕ್ಷಕರೇ ಪ್ರಶ್ನೆ ಕೇಳಿದರೆ ಮಕ್ಕಳು ಮತ್ತೆ ಪುಸ್ತಕದ ಉತ್ತರಕ್ಕೇ ಹೊರಳುತ್ತಾರೆ.