ಲಂಡನ್‌ನ ರಿವರ್ ಕೆಫೆ ಮೊದಲು ಆಫೀಸ್ ಕ್ಯಾಂಟೀನ್ ಆಗಿತ್ತಂತೆ, ನಿಜವೇ? ಈಗ ಯಾಕೆ ಅಷ್ಟು ದುಬಾರಿ?

ನಿಜ. ಮೊದಮೊದಲು ಹೊರಗಿನವರಿಗೆ ಅಲ್ಲಿ ಊಟವೇ ಇರಲಿಲ್ಲ.

ಪ್ಯಾರಿಸ್‌ನ ಪಾಂಪಿಡು ಸೆಂಟರ್ ಅನ್ನುವ ಕಲಾಕೇಂದ್ರದ ವಿನ್ಯಾಸ ಮಾಡಿದವರಲ್ಲಿ ಒಬ್ಬರಾದ ವಾಸ್ತುಶಿಲ್ಪಿ ರಿಚರ್ಡ್ ರೋಜರ್ಸ್, ಹ್ಯಾಮರ್‌ಸ್ಮಿತ್‌ನಲ್ಲಿ ಥೇಮ್ಸ್ ದಡದ ಹಳೆಯ ಗೋದಾಮುಗಳನ್ನು ತಮ್ಮ ಆಫೀಸ್ ಮಾಡಿಕೊಂಡರು. ಅವರ ಹೆಂಡತಿ ರೂತ್ ಮತ್ತು ಗೆಳತಿ ರೋಸ್ ಗ್ರೇ ಸೇರಿ 1987ರಲ್ಲಿ ಅದೇ ಆವರಣದಲ್ಲಿ ಅಡುಗೆಗೆ ಇಳಿದರು. ಅನುಮತಿ ಸಿಕ್ಕಿದ್ದು ಅಲ್ಲಿ ಕೆಲಸ ಮಾಡುವವರಿಗೆ ಬಡಿಸಲು ಮಾತ್ರ, ಅದೂ ಮಧ್ಯಾಹ್ನ ಮಾತ್ರ. ಬಾಗಿಲು ಎಲ್ಲರಿಗೂ ತೆರೆದದ್ದು, ರಾತ್ರಿ ಊಟ ಶುರುವಾದದ್ದು ಆಮೇಲೆ.

ಇಬ್ಬರೂ ದೊಡ್ಡ ಹೋಟೆಲುಗಳಲ್ಲಿ ಪಳಗಿದವರಲ್ಲ. ರೋಸ್ ಇಟಲಿಯ ಟಸ್ಕನಿ ಪ್ರಾಂತ್ಯದ ಲುಕ್ಕಾ ಕಡೆ ಸಂಸಾರ ಸಮೇತ ಇದ್ದು ಬಂದವರು. ರಿಚರ್ಡ್ ಹುಟ್ಟಿದ್ದೂ ಅದೇ ಟಸ್ಕನಿಯ ಫ್ಲಾರೆನ್ಸ್‌ನಲ್ಲಿ, ಹಾಗಾಗಿ ಅತ್ತೆಯ ಅಡುಗೆಯೇ ರೂತ್‌ಗೆ ಪಾಠ. ಹೀಗಾಗಿ ಅವರು ಬಡಿಸಿದ್ದು ಹೋಟೆಲ್ ಶೈಲಿಯ ಊಟವಲ್ಲ, ಟಸ್ಕನಿಯ ಹಳ್ಳಿಮನೆ ಊಟ. ರಿಬೊಲ್ಲಿಟಾ ಅನ್ನುವ ಸೂಪನ್ನೇ ನೋಡಿ: ಒಣಗಿದ ಬ್ರೆಡ್, ಬೀನ್ಸ್, ಕಾವೊಲೊ ನೀರೊ ಅನ್ನುವ ಕಡುಹಸಿರು ಸೊಪ್ಪು, ಆಲಿವ್ ಎಣ್ಣೆ. ಆ ಸೊಪ್ಪು ಇಂಗ್ಲೆಂಡಿನಲ್ಲಿ ಸಿಗುತ್ತಿರಲಿಲ್ಲ ಅಂತ ಇಟಲಿಯಿಂದ ಬೀಜ ತರಿಸಿ ಬೆಳೆಸಿದರು! ಮೆನು ದಿನಕ್ಕೆ ಎರಡು ಸಲ ಬದಲಾಗುತ್ತದೆ.

ದುಬಾರಿ ಯಾಕೆ ಅಂದರೆ, ಇಂಥ ಅಡುಗೆಯಲ್ಲಿ ಮುಚ್ಚಿಡಲು ಏನೂ ಇಲ್ಲ. ಎಣ್ಣೆ ಸಾಧಾರಣದ್ದಾದರೆ ಮೊದಲ ಚಮಚದಲ್ಲೇ ಗೊತ್ತಾಗುತ್ತದೆ. ಹಾಗಾಗಿ ದುಡ್ಡೆಲ್ಲ ಸಾಮಾನಿಗೆ ಹೋಗುತ್ತದೆ. ಬಡವರ ಊಟವನ್ನು ಸಾಹುಕಾರರ ಬೆಲೆಗೆ ಮಾರುತ್ತಾರೆ ಅಂತ ಆಡಿಕೊಳ್ಳುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ನದಿ ದಡದ ಜಾಗಕ್ಕೂ, ಹೆಸರಿಗೂ ಸೇರಿಸಿಯೇ ಬಿಲ್ ಬರುತ್ತದೆ, ಅಲ್ವಾ?

ಆ ಹೆಸರು ಸುಮ್ನೆ ಬಂದದ್ದಲ್ಲ. ಹತ್ತು ವರ್ಷದ ಸುಮಾರಿಗೆ ಒಳ್ಳೆಯ ರೆಸ್ಟೋರೆಂಟುಗಳಿಗೆ ಮಿಶೆಲಿನ್ ಗೈಡ್ ಕೊಡುವ ಸ್ಟಾರ್ ಸಿಕ್ಕಿತು. ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡದು ಅಲ್ಲಿ ಕೆಲಸ ಕಲಿತು ಹೊರಟ ಬಾಣಸಿಗರ ಸಾಲು. ಥಿಯೋ ರಾಂಡಲ್, ಏಪ್ರಿಲ್ ಬ್ಲೂಮ್‌ಫೀಲ್ಡ್, ಮೊರೊ ರೆಸ್ಟೋರೆಂಟ್ ತೆರೆದ ಕ್ಲಾರ್ಕ್ ದಂಪತಿ, ಎಲ್ಲ ಅಲ್ಲಿಯವರೇ. ಜೇಮಿ ಆಲಿವರ್ ಟಿವಿಯವರ ಕಣ್ಣಿಗೆ ಬಿದ್ದದ್ದೂ ಅಲ್ಲೇ, ಚಿತ್ರೀಕರಣಕ್ಕೆ ಬಂದ ಕ್ಯಾಮೆರಾ ಮುಂದೆ.

2008ರಲ್ಲಿ ಬೆಂಕಿ ಬಿದ್ದು ಕೆಲವು ತಿಂಗಳು ಮುಚ್ಚಿತ್ತು. 2010ರಲ್ಲಿ ರೋಸ್ ತೀರಿಕೊಂಡರು. ಆಮೇಲೆ ರೂತ್ ಮುಂದುವರಿಸಿದರು.

ಹೋಗುವುದಾದರೆ ಬೇಸಿಗೆಯ ಮಧ್ಯಾಹ್ನಕ್ಕೆ ಟೇಬಲ್ ಹೇಳಿ, ಹೊರಗೆ ಕೂರಬಹುದು. ಚಾಕೊಲೇಟ್ ನೆಮೆಸಿಸ್ ಕೇಕನ್ನು ಅಲ್ಲೇ ತಿನ್ನಿ. ಅವರ ಅಡುಗೆ ಪುಸ್ತಕ ನೋಡಿ ಮನೆಯಲ್ಲಿ ಮಾಡಲು ಹೋದವರಿಗೆ ಅದು ಕೈಕೊಟ್ಟದ್ದೇ ಜಾಸ್ತಿ.