ಟೊಮೆಟೊ ಬಿಡಿ, ಸಂತೆ ಬಿಡಬೇಡಿ

ಪ್ರಶ್ನೆ: ಅಕ್ಕಾ, ಮನೆ ಹಿಂದಿನ 5 ಗುಂಟೆಯಲ್ಲಿ ಬದನೆ, ಟೊಮೆಟೊ, ದಂಟು, ಕೊತ್ತಂಬರಿ ಹಾಕಿದ್ದೇನೆ. ತಿಂದು ಮಿಗುತ್ತದೆ ಅಂತ ಎರಡು ವಾರ ಸಂತೆಗೆ ಒಯ್ದೆ. ಟೊಮೆಟೊ ಅರ್ಧ ವಾಪಸ್ ಬಂತು, ಸೊಪ್ಪು ಹತ್ತು ಗಂಟೆಗೇ ಬಾಡಿತು. ‘ಬೀದೀಲಿ ಕೂರೋ ಗತಿ ಬಂತಾ’ ಅಂತಾರೆ ಅತ್ತೆ. ಬಿಟ್ಟುಬಿಡಲಾ?
– ಓದುಗರೊಬ್ಬರು, ತುರುವೇಕೆರೆ

ಉತ್ತರ: ಬಿಡುವುದಾದರೆ ಟೊಮೆಟೊ ಬಿಡಿ ತಾಯಿ. ಅದು ಸಂತೆಗೆ ಕ್ರೇಟುಗಟ್ಟಲೆ ಬಂದು ಬೀಳುತ್ತದೆ. ಕೋಲಾರದ ಕಡೆ ಫಸಲು ಜೋರಾದ ವಾರ ನಿಮ್ಮ ಎಂಟು ಕಿಲೋ ಯಾರ ಕಣ್ಣಿಗೂ ಬೀಳಲ್ಲ. ಹಿತ್ತಲಿನವರ ಕೈ ಮೇಲಾಗುವುದು ಸೊಪ್ಪಿನಲ್ಲಿ.

ನೀವು ಬಿಸಿಲೇರಿದ ಮೇಲೆ ಕಿತ್ತಿರಬೇಕು. ನಾನು ಹಿಂದಿನ ದಿನ ಹೊತ್ತು ಮುಳುಗುವಾಗ ದಂಟನ್ನು ಬೇರು ಸಮೇತ ಕೀಳುತ್ತೇನೆ. ಮಣ್ಣು ಕೊಡವಿ, ಬಾಳೆನಾರಲ್ಲಿ ಕಟ್ಟಿ, ಬೇರಷ್ಟೇ ನೆನೆಯುವ ಹಾಗೆ ಬೋಗುಣಿಯಲ್ಲಿ ನಿಲ್ಲಿಸಿದರೆ ಬೆಳಗ್ಗೆ ಮತ್ತೆ ನೆಟ್ಟಗೆ ನಿಂತಿರುತ್ತದೆ. ಆಮೇಲೆ ಒದ್ದೆ ಗೋಣಿ ಹೊದಿಸಿ ಒಯ್ಯುವುದು. ಕೊತ್ತಂಬರಿಗೆ ಮಾತ್ರ ನೀರು ಚಿಮುಕಿಸಬೇಡಿ, ಎಲೆ ಕಪ್ಪಾಗಿ ಲೋಳೆ ಬರುತ್ತದೆ. ಮೊದಲ ವರ್ಷ ಹಾಗೆ ಕೆಟ್ಟ ಒಂದು ಬುಟ್ಟಿ ಹಸುವಿಗೆ ಹಾಕಿದೆ. ಅದೂ ಮೂಸಿ ನೋಡಿ ಮುಖ ತಿರುಗಿಸಿತು!

ದರಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹಾಪ್‌ಕಾಮ್ಸ್ ದರಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ, ಅದನ್ನು ನೋಡಿಕೊಂಡು ಒಂದೆರಡು ರೂಪಾಯಿ ಹಿಂದೆ ಮುಂದೆ ಹೇಳಿ. ಎಲೆಕ್ಟ್ರಾನಿಕ್ ತಕ್ಕಡಿ ಕೊಂಡರೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಬೇಕು. ಸೊಪ್ಪು ಕಟ್ಟಿನ ಲೆಕ್ಕದಲ್ಲಿ ಹೋಗುವುದರಿಂದ ಆ ತಾಪತ್ರಯವೂ ಇಲ್ಲ. ಮಿಕ್ಕಿದ್ದನ್ನು ಉಪ್ಪಿನಕಾಯಿ ಹಾಕಿ ಮಾರುವ ಯೋಚನೆ ಬಂದರೆ ಆಹಾರ ಸುರಕ್ಷತಾ ನೋಂದಣಿ ಬೇಕಾಗುತ್ತದೆ. ಬೆಳೆದವರೇ ಮಾರುವ ಹಸಿ ತರಕಾರಿಗೆ ಬೇಡ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ಚೆಂದದ್ದನ್ನೆಲ್ಲ ಬುಟ್ಟಿಗೆ ತುಂಬಿ ಹುಳುಕು ಬದನೆಯನ್ನು ಮನೆಗೆ ಉಳಿಸಬೇಡಿ. ಎರಡು ವರ್ಷ ನಾನು ಮಾಡಿದ್ದು ಅದೇ. ಒಂದು ದಿನ ಮಗಳು ‘ಅಮ್ಮಾ, ನಾವು ಯಾವಾಗ ಗಿರಾಕಿ ಆಗೋದು?’ ಅಂದಳು. ಅವತ್ತಿನಿಂದ ಮೊದಲ ಕಟ್ಟು ಮನೆಗೆ. ಎಳೆ ದಂಟು, ಹಸಿ ಅವರೆಕಾಳು ಬೇಯಿಸಿ, ಬಸಿದ ನೀರಿಗೆ ಬೆಳ್ಳುಳ್ಳಿ, ಮೆಣಸು, ಕಾಯಿ ರುಬ್ಬಿ ಹಾಕಿ ಬಸ್ಸಾರು. ಸೊಪ್ಪು ಕಾಳು ಪಲ್ಯಕ್ಕೆ. ಜೊತೆಗೆ ಬಿಸಿ ಮುದ್ದೆ. ಬಾಡಿದ ಸೊಪ್ಪಿನಲ್ಲಿ ಮಾಡಿದರೆ ಆ ನೀರಿಗೆ ಸಿಹಿಯೇ ಇರಲ್ಲ.

ಅತ್ತೆಯವರನ್ನು ಒಂದು ವಾರ ಜೊತೆಗೆ ಕರೆದೊಯ್ಯಿರಿ. ನಮ್ಮತ್ತೆಯೂ ಇದೇ ಮಾತಾಡಿದ್ದವರು. ಈಗ ಗೋಣಿತಾಟಿನ ಮೇಲೆ ಮುಂದೆ ಕೂರುವುದು ಅವರು, ಹಿಂದೆ ನಾನು. ಚೌಕಾಸಿ ಮಾಡಿದವರಿಗೆ ಒಂದು ಎಲೆಯೂ ಕೊಸರಿಲ್ಲ. ‘ಇದನ್ನ ಹೆಂಗೆ ಮಾಡೋದಜ್ಜೀ’ ಅಂತ ಕೇಳಿದವರಿಗೆ ಕರಿಬೇವು ಪುಕ್ಕಟೆ.